ಮೂರು ಸಲ ದುಡಿಯುವ ನೀರು

ಬೇಸಿಗೆ ಮುಗಿಯುತ್ತ ಬಂದಿತ್ತು. ಬೀದಿಯ ಅಂಗಳಗಳೆಲ್ಲ ಬೋಳಾಗಿ ಧೂಳೆಬ್ಬಿಸುತ್ತಿದ್ದವು. ಒಂದು ಮನೆಯ ಮುಂದೆ ಮಾತ್ರ ಲಾನ್ ಹಚ್ಚಹಸಿರಾಗಿತ್ತು. ಆ ಮನೆಯ ಯಜಮಾನರು ಊರಿನ ಪಂಪ್‌ಹೌಸಿನಲ್ಲಿ ವಾಲ್ವ್ ತಿರುಗಿಸುವ ಕೆಲಸಕ್ಕೆ ಸೇರಿ, ತಿರುಗಿಸುತ್ತ ತಿರುಗಿಸುತ್ತ ಮೇಲೇರಿ, ಅದರ ಮುಖ್ಯಸ್ಥರಾಗಿ ನಿವೃತ್ತರಾದವರು. ಬೀದಿಯವರು ಅವರನ್ನು ಎದುರಿಗೆ ಸಾಹೇಬ್ರು ಎನ್ನುತ್ತಿದ್ದರು, ಬೆನ್ನ ಹಿಂದೆ ವಾಲ್ವ್ ಎನ್ನುತ್ತಿದ್ದರು. ತೋಟಕ್ಕೆ ಪೈಪು ಹಿಡಿಯಬಾರದೆಂದು ಆಜ್ಞೆ ಹೊರಟಿತ್ತು, ನಿಜ. ಆದರೆ ಈಗ ಪಂಪ್‌ಹೌಸಿನಲ್ಲಿರುವವನು ಅವರ ಕೈಕೆಳಗೆ ಪಳಗಿದವನು. ಈ ಬೀದಿಯ ನೀರು ನಿಲ್ಲಿಸುವುದು ಅವನಿಗೆ ದಿನವೂ ಸ್ವಲ್ಪ ಮರೆತುಹೋಗುತ್ತಿತ್ತು. ದೊಡ್ಡವರ ಮನೆಯ ಮುಂದೆ ಹೀಗೆ ಮರೆವು ಬರುವುದು ಹೊಸದೇನಲ್ಲ.

ಹೊರಗೆ ಈ ಧಾರಾಳ. ಒಳಗೆ ಮಾತ್ರ ಒಂದು ಲೋಟ ನೀರಿಗೂ ಕಾರಣ ಹೇಳಬೇಕು. ತೊಟ್ಟಿಯಿಂದ ಮನೆಯೊಳಗೆ ಬರುವ ಪೈಪಿಗೆ ಯಜಮಾನರು ಒಂದು ವಾಲ್ವ್ ಕೂರಿಸಿ, ಅದಕ್ಕೊಂದು ಕಬ್ಬಿಣದ ಪೆಟ್ಟಿಗೆ ಮಾಡಿಸಿ ಬೀಗ ಜಡಿದಿದ್ದರು. ಕೀಲಿ ಅವರ ಬೆಲ್ಟಿಗೆ ನೇತಾಡುತ್ತಿತ್ತು. "ನೀರು ಮೂರು ಸಲ ದುಡೀಬೇಕು" ಎಂಬುದು ಮನೆಯ ಶಾಸನ. ತರಕಾರಿ ತೊಳೆದ ನೀರಿನಲ್ಲಿ ನೆಲ ಒರೆಸಬೇಕು, ನೆಲ ಒರೆಸಿದ ನೀರು ಕಕ್ಕಸಿಗೆ ಹೋಗಬೇಕು. ಸ್ನಾನದ ನೀರು ಟಬ್ಬಿನಲ್ಲಿ ನಿಂತು ಬಟ್ಟೆ ಒಗೆದು, ಆಮೇಲೆ ಮೆಟ್ಟಿಲು ತೊಳೆಯಬೇಕು. ಒಂದೇ ಸಲ ದುಡಿದು ಚರಂಡಿಗೆ ಹೋದ ನೀರಿಗೆ ಹೆಂಡತಿ ಉತ್ತರ ಕೊಡಬೇಕು. ಲಾನಿಗೆ ಹಾರುವ ನೀರು ಎಷ್ಟು ಸಲ ದುಡಿಯುತ್ತದೆಂದು ಕೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಸಂಜೆಯಾದರೆ ಯಜಮಾನರು ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು ಪ್ಯಾಂಟು ಮಡಿಸುತ್ತಿದ್ದರು. ಜೀವಮಾನವೆಲ್ಲ ಒದ್ದೆ ಸಿಮೆಂಟಿನ ಮೇಲೆ ನಿಂತ ಕಾಲು, ಸಂಜೆಗೆ ಊದಿಕೊಳ್ಳುತ್ತಿತ್ತು. ಹೆಂಡತಿ ಅಲ್ಯೂಮಿನಿಯಂ ಬೋಗುಣಿಯಲ್ಲಿ ಬಿಸಿನೀರು ತಂದು, ಡಬ್ಬಿಯಿಂದ ಒಂದು ಹಿಡಿ ಕಲ್ಲುಪ್ಪು ಹಾಕಿ ಕದಡಿ, ಕಾಲು ಇಡಿಸಿ, ನೀರು ಆರುವವರೆಗೆ ಹಿಮ್ಮಡಿ ಒತ್ತಿಕೊಡುತ್ತಿದ್ದಳು. ಆಮೇಲೆ ಆ ನೀರೂ ಕಕ್ಕಸಿಗೆ ಹೋಗುತ್ತಿತ್ತು.

ಇಂಥ ಮನೆಗೆ ಒಂದು ಮಧ್ಯಾಹ್ನ ಮಗಳು ವಾಪಸ್ ಬಂದಳು. ಕೈಯಲ್ಲಿ ಒಂದೇ ಚೀಲ. ಅವಳ ಗಂಡ ಹೆಸರಾಂತ ದರ್ಜಿ, ಅಳತೆಯಲ್ಲಿ ನೂಲಿನಷ್ಟೂ ತಪ್ಪುವವನಲ್ಲ. ಮಗಳು ಬಾಗಿಲಲ್ಲೇ ನಿಂತು ಎಡತೋಳು ಮೇಲೆತ್ತಿ ತೋರಿಸಿದಳು. ಮುಂಗೈ ಮೇಲೆ ಇಸ್ತ್ರಿಪೆಟ್ಟಿಯ ಮೂತಿ ಅಚ್ಚಾಗಿ ಕೂತಿತ್ತು.

"ಇಸ್ತ್ರಿಪೆಟ್ಟಿ ಜಾರಿರಬೇಕು" ಎಂದರು ಅಪ್ಪ.

"ಎರಡು ಸಲ ಜಾರಲ್ಲ ಅಪ್ಪ." ಮಗಳು ಬಟ್ಟೆಯ ತೋಳನ್ನು ಇನ್ನೂ ಮೇಲಕ್ಕೆ ಸರಿಸಿದಳು. ಮೊಣಕೈ ಮೇಲೆ ಹಳೆಯದೊಂದು ಇತ್ತು, ಕಪ್ಪಾಗಿ.

"ದರ್ಜಿ ಮನೆ ಅಂದಮೇಲೆ ಇಸ್ತ್ರಿಪೆಟ್ಟಿ ಇರುತ್ತೆ. ನೋಡ್ಕೊಂಡು ಓಡಾಡಬೇಕು. ಹುಡುಗ ಒಪ್ಪಿಗೆ ಅಂತ ನೀನೇ ತಾನೇ ತಲೆ ಆಡಿಸಿದ್ದು? ಉಪ್ಪು ತಿಂದವರು ನೀರು ಕುಡೀಬೇಕು."

"ನಾನು ಅಲ್ಲಿಗೆ ಹೋಗಲ್ಲ."

ಯಜಮಾನರು ನಕ್ಕರು. ತಮ್ಮ ಕಸುಬಿನ ಮಾತು ಬಂದಾಗ ಅವರಿಗೆ ನಗು ಬರುತ್ತಿತ್ತು. "ನೋಡು, ಮೇನ್ ಪೈಪಿಂದ ಮನೆಗೆ ಬಿಟ್ಟ ನೀರು ತಿರುಗಿ ಮೇನಿಗೆ ಬರಬಾರದು. ಬಂದ್ರೆ ಊರ ನೀರೆಲ್ಲ ಕೆಡುತ್ತೆ. ಅದಕ್ಕೇ ಬಾಯಲ್ಲೊಂದು ವಾಲ್ವ್ ಇಟ್ಟಿರ್ತಾರೆ. ಒಂದೇ ಕಡೆ ತೆರಕೊಳ್ಳೋದು."

ತಾಯಿ ಬಾಗಿಲ ಹಿಂದೆ ನಿಂತು ಮಗಳ ತೋಳು ನೋಡುತ್ತಿದ್ದಳು. ಆ ಮನೆಯಲ್ಲಿ ಅವಳ ಬಾಯಿಗೂ ಒಂದು ಬೀಗ ಬಿದ್ದು ಬಹಳ ಕಾಲವಾಗಿತ್ತು.

ಮಗಳಿಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಮದುವೆಗೆ ಮುಂಚೆ ಬೀದಿಯ ಕೊನೆಯ ನರ್ಸರಿಯಲ್ಲಿ ಕೆಲಸ ಮಾಡಿದ್ದಳು. ಮಾರನೆಯ ದಿನವೇ ಹೋಗಿ ಕೇಳಿದಳು. ನರ್ಸರಿ ನಡೆಸುವ ಅಕ್ಕ ಗಾಯ ನೋಡಿ, "ಅಯ್ಯೋ ಪಾಪಿ" ಎಂದಳು. "ಮಳೆ ಹಿಡೀಲಿ, ಗಿಡ ಕೊಳ್ಳೋರು ಬರ್ತಾರೆ, ಆಗ ಸಂಬಳಕ್ಕೆ ತಗೋತೀನಿ. ಈಗ ನನಗೇ ಗತಿ ಇಲ್ಲ. ಅಲ್ಲೀವರೆಗೂ ತಲೆ ಮೇಲೊಂದು ಸೂರು ನೋಡ್ಕೋ." ಹಾಗಾಗಿ ಅವಳಿಗೆ ಬೇಕಾಗಿದ್ದದ್ದು ಮಳೆ ಬರುವವರೆಗೆ ತವರಿನ ಹಿಂದಿನ ಕೋಣೆ. ಹಳೆಯ ಪೈಪು, ತುಕ್ಕು ಹಿಡಿದ ನಲ್ಲಿ ಎಸೆಯುತ್ತಿದ್ದ ಕೋಣೆ ಅದು.

ಆದರೆ ಅವಳಿಗೆ ನಾಲಿಗೆ ಹಿಡಿತದಲ್ಲಿ ಇರಲಿಲ್ಲ. ಸುಡುವ ನಡುಮಧ್ಯಾಹ್ನ ಅಪ್ಪ ಲಾನಿಗೆ ನೀರು ಹಾರಿಸುತ್ತಿದ್ದಾಗ, ಎದುರುಮನೆಯ ಟೀಚರ್ ಗೇಟಿನ ಬಳಿ ನಿಂತು ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದಾಗಲೇ, ಹೇಳಿಬಿಟ್ಟಳು.

"ಅಪ್ಪ, ಈ ಬಿಸಿಲಲ್ಲಿ ಬಿಟ್ರೆ ಅರ್ಧ ನೀರು ಆಕಾಶಕ್ಕೇ ಹೋಗುತ್ತೆ. ಬೆಳಗಿನ ಜಾವ ಬಿಡಿ. ದಿನಾ ಬೇಡ. ನಾಲ್ಕು ದಿನಕ್ಕೊಂದು ಸಲ ಆಳಕ್ಕಿಳಿಯೋ ಹಾಗೆ ಕೊಟ್ರೆ ಬೇರೂ ಅದನ್ನ ಹುಡುಕ್ಕೊಂಡು ಆಳಕ್ಕೆ ಹೋಗುತ್ತೆ. ಹುಲ್ಲನ್ನ ಇಷ್ಟು ಬೋಳಿಸಬಾರದು. ಬೆರಳುದ್ದ ಬಿಟ್ರೆ ತನ್ನ ಬುಡಕ್ಕೆ ತಾನೇ ನೆರಳು ಮಾಡ್ಕೊಳ್ಳುತ್ತೆ."

"ಒಣಗಿ ಹೋದ್ರೆ?"

"ಒಣಗಲಿ. ಬೇಸಿಗೇಲಿ ಹುಲ್ಲು ಕಂದು ಬಣ್ಣಕ್ಕೆ ತಿರುಗಿದ್ರೆ ಸತ್ತೋಯ್ತು ಅಂತಲ್ಲ. ಮಲಗಿರುತ್ತೆ. ಮಳೆ ಬಂದ್ರೆ ಏಳುತ್ತೆ."

ಟೀಚರ್ ಗೇಟಿನ ಆಚೆಯಿಂದ, "ನೋಡಿ ಸಾಹೇಬ್ರೆ, ಮಗಳು ನಿಮಗೇ ನೀರಿನ ಪಾಠ ಮಾಡ್ತಿದಾಳೆ" ಎಂದು ನಕ್ಕಳು.

ಯಜಮಾನರ ಮುಖ ಕೆಂಪೇರಿತು. ಬೇರೆ ಯಾರೂ ಕೇಳಿಸಿಕೊಳ್ಳದೆ ಇದ್ದಿದ್ದರೆ ಗದರಿ ಸುಮ್ಮನಾಗುತ್ತಿದ್ದರೋ ಏನೋ. ಬೀದಿಗೆ ಕೇಳಿಸಿತ್ತು. ಅವರು ಪೈಪು ಕೆಳಗಿಟ್ಟು ಮನೆಯ ಪಕ್ಕದ ಉದ್ದನೆಯ ಪಟ್ಟಿಯ ಕಡೆ ಕೈ ತೋರಿಸಿದರು. ಕಾಂಪೌಂಡಿನವರೆಗೆ ಹೋದ ಬರಡು ನೆಲ, ಇಟ್ಟಿಗೆ ಚೂರು, ಒಣಗಿದ ಗರಿಕೆ.

"ಅಷ್ಟು ತಿಳಿದಿದ್ರೆ ಅಲ್ಲಿ ಗಿಡ ಹಾಕು. ಮೂರು ದಿನಕ್ಕೊಂದು ಬಕೆಟ್ ಕೊಡ್ತೀನಿ, ಅದರ ಮೇಲೆ ಒಂದು ತೊಟ್ಟಿಲ್ಲ. ಮೊದಲನೇ ಮಳೆ ಬೀಳೋ ದಿನ ಒಂದೇ ಒಂದು ಗಿಡ ಹಸಿರಾಗಿ ನಿಂತಿರಲಿ, ಹಿಂದಿನ ಕೋಣೆ ನಿಂದು. ಎಷ್ಟು ವರ್ಷ ಬೇಕಾದ್ರೂ ಇರು. ಇಲ್ಲಾಂದ್ರೆ ಅಳಿಯಂದ್ರಿಗೆ ಫೋನ್ ಮಾಡ್ತೀನಿ. ಟೀಚರ್ರೇ, ನೀವೇ ಸಾಕ್ಷಿ."

"ಆಗ್ಲಿ" ಎಂದಳು ಮಗಳು.

ಅವಳಿಗೆ ಭಯವಾಗಲಿಲ್ಲ. ಬೇಸಿಗೆಯ ಕೊನೆ ನೆಡುವುದಕ್ಕೆ ಕೆಟ್ಟ ಕಾಲವೇನಲ್ಲ. ಮಣ್ಣು ಬೆಚ್ಚಗಿರುತ್ತದೆ, ಬೇರು ಬೇಗ ಹಿಡಿಯುತ್ತದೆ, ಮಳೆ ಬರುವ ಹೊತ್ತಿಗೆ ಗಿಡ ತಯಾರಾಗಿ ನಿಂತಿರುತ್ತದೆ. ಅಲ್ಲಿಯವರೆಗೆ ದಾಟಿಸಿದರೆ ಸಾಕು. ನರ್ಸರಿ ಅಕ್ಕ ಮಾರಾಟವಾಗದೆ ಉಳಿದ ಸಸಿಗಳನ್ನು ಸುಮ್ಮನೆ ಕೊಟ್ಟಳು. ಚೆಂಡುಹೂವು, ನಿತ್ಯಪುಷ್ಪ, ದಾಸವಾಳ, ಒಂದು ದಾಳಿಂಬೆ. ಮಗಳು ಇಟ್ಟಿಗೆ ಚೂರು ಆರಿಸಿದಳು, ಗುಂಡಿ ತೋಡಿದಳು, ಮೊದಲ ಬಕೆಟ್ ನೀರನ್ನು ಗುಂಡಿಗಳಿಗೇ ಕುಡಿಸಿದಳು. ಬಿಸಿಲಿಳಿದ ಮೇಲೆ ಸಸಿ ಇಟ್ಟು, ಸುತ್ತ ಪಾತಿ ಕಟ್ಟಿ, ಮೇಲೆ ಒಣಗಿದೆಲೆಯನ್ನು ನಾಲ್ಕು ಬೆರಳು ದಪ್ಪ ಹೊದಿಸಿದಳು. ಮಧ್ಯಾಹ್ನದ ಬಿಸಿಲಿಗೆ ಹಳೆಯ ಬೆಡ್‌ಶೀಟಿನ ನೆರಳು ಕಟ್ಟಿದಳು. ಎಲೆಯ ಮೇಲೆ ಒಂದು ಹನಿ ಬೀಳದ ಹಾಗೆ, ಬುಡಕ್ಕೆ ಮಾತ್ರ ನೀರು ಇಳಿಸಿದಳು. ಕೆಲಸ ಮುಗಿಸಿ ಎದ್ದಾಗ ಅವಳ ಬೆನ್ನು ನೆಟ್ಟಗಾಗಲಿಲ್ಲ, ಆದರೂ ನಗುತ್ತಿದ್ದಳು. ಬಂದ ಮೇಲೆ ನಕ್ಕದ್ದು ಅದೇ ಮೊದಲು.

"ಅಮ್ಮ, ಯಾರೂ ಇದಕ್ಕೆ ಕೈ ಹಾಕಬೇಡಿ" ಎಂದಳು. "ಬಕೆಟ್ ಮೀರಿ ಒಂದು ಲೋಟ ಹಾಕಿದ್ರೂ ಅಪ್ಪ ಮೋಸ ಅಂತಾರೆ. ಇದು ಬದುಕುತ್ತೆ. ನೀನೇ ನೋಡ್ತಿರು."

ತಾಯಿ ತಲೆಯಾಡಿಸಿದಳು. ಗಿಡದ ಬಗ್ಗೆ ಅವಳಿಗೆ ಗೊತ್ತಿದ್ದದ್ದು ಒಂದೇ: ಗಿಡಕ್ಕೆ ನೀರು ಬೇಕು. ಲಾನಿನ ಮೇಲೆ ಕಾಲಿಡಲು ಕೂಡ ಅವಳಿಗೆ ಅಪ್ಪಣೆ ಇರಲಿಲ್ಲ, ಇನ್ನು ತೋಟಗಾರಿಕೆ ಎಲ್ಲಿಂದ ಕಲಿಯಬೇಕು? ಮೂರು ದಿನಕ್ಕೊಂದು ಬಕೆಟ್ ಎಂಬುದು ಅವಳ ಕಿವಿಗೆ ಮೂರು ದಿನಕ್ಕೊಂದು ತುತ್ತು ಎಂದಂತೆ ಕೇಳಿಸಿತು. ಬಿಸಿಲಿಗೆ ಎಲೆಗಳು ಸ್ವಲ್ಪ ಬಾಗಿದರೂ ಅವಳು ಹಿಂದಿನ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಗಿಡ ಒಣಗಿದರೆ ಮಗಳು ಹೋಗಬೇಕು. ಹೋದರೆ ಆ ಇಸ್ತ್ರಿಪೆಟ್ಟಿ ಇದೆ. ಅಷ್ಟು ಅವಳಿಗೆ ಚೆನ್ನಾಗಿ ಅರ್ಥವಾಗಿತ್ತು.

ಮಗಳು ಸಂಜೆ ನರ್ಸರಿಗೆ ಹೋಗಿ ಅಕ್ಕನಿಗೆ ಕೈ ಜೋಡಿಸಿ ಬರುತ್ತಿದ್ದಳು. ಅಂಥ ಒಂದು ಸಂಜೆ, ಯಜಮಾನರ ಕಾಲು ಒರೆಸಿ ಬೋಗುಣಿ ಎತ್ತಿಕೊಂಡ ತಾಯಿ ಕಕ್ಕಸಿನ ಬಾಗಿಲವರೆಗೆ ಹೋಗಿ ನಿಂತಳು. ಬೋಗುಣಿಯ ತುಂಬ ನೀರು. ಇದನ್ನು ಯಾರೂ ಲೆಕ್ಕ ಇಟ್ಟಿಲ್ಲ. ಇದು ಬಕೆಟ್ಟಿನ ನೀರಲ್ಲ, ಅವರ ನೀರೂ ಅಲ್ಲ, ಕಾಲು ತೊಳೆದು ಬಿಟ್ಟ ನೀರು. ನೀರು ಮೂರು ಸಲ ದುಡಿಯಬೇಕು ಎಂದು ಅವರೇ ಹೇಳುತ್ತಾರೆ. ಹೀಗೆ ಯೋಚಿಸಿ, ಜೀವನದಲ್ಲಿ ಮೊದಲ ಸಲ ಗಂಡನಿಗೆ ತಿಳಿಯದ ಹಾಗೆ ಒಂದು ಕೆಲಸ ಮಾಡಿದಳು. ಹಿಂದಿನ ಬಾಗಿಲಿಂದ ಇಳಿದು ಮೊದಲ ಸಾಲಿನ ಚೆಂಡುಹೂವಿನ ಬುಡಗಳಿಗೆ, ಒಣಗಿದೆಲೆ ಸರಿಸಿ, ತಂಬಿಗೆಯಿಂದ ಪ್ರೀತಿಯಿಂದ ಹಾಕಿದಳು. "ಕುಡೀರಪ್ಪ, ಕುಡೀರಿ" ಎಂದಳು. ಎಲೆಯನ್ನು ಮತ್ತೆ ಮೊದಲಿನ ಹಾಗೆಯೇ ಹೊದಿಸಿದಳು.

ಉಪ್ಪು ಅವಳ ನೆನಪಿಗೆ ಬರಲೇ ಇಲ್ಲ. ಬರುವುದಾದರೂ ಹೇಗೆ? ದಿನವೂ ಅದೇ ಕೈ, ಅದೇ ಡಬ್ಬಿ, ಅದೇ ಹಿಡಿ. ಕಾಲಿಗೆ ಒಳ್ಳೆಯದು ಗಿಡಕ್ಕೆ ಕೆಟ್ಟದ್ದು ಹೇಗಾದೀತು?

ಕಿಟಕಿಯ ಪಕ್ಕದ ಕುರ್ಚಿಯಿಂದ ಆ ಪಟ್ಟಿ ಚೆನ್ನಾಗಿ ಕಾಣುತ್ತಿತ್ತು. ಯಜಮಾನರು ಎರಡನೆಯ ಸಂಜೆಯೇ ನೋಡಿದರು. ಪಂಪ್‌ಹೌಸಿನ ಬಾವಿಗೆ ಒಮ್ಮೆ ಉಪ್ಪುನೀರು ಹೊಕ್ಕು ಆಫೀಸಿನ ಮುಂದಿನ ತೋಟವೆಲ್ಲ ಸುಟ್ಟುಹೋದದ್ದನ್ನು ಕಣ್ಣಾರೆ ಕಂಡವರು ಅವರು. ಹೆಂಡತಿ ಬಗ್ಗಿ ತಂಬಿಗೆ ಬಗ್ಗಿಸುವುದನ್ನು ನೋಡುತ್ತ ಕೂತರು. ಕೂಗಲಿಲ್ಲ. ಕೂಗಿದ್ದರೆ ಗಲಾಟೆಯಾಗುತ್ತಿತ್ತು, ಟೀಚರ್ ಬರುತ್ತಿದ್ದಳು, ನಾಲ್ಕು ಜನ ಮಗಳ ಪರ ಮಾತಾಡುತ್ತಿದ್ದರು. ಸುಮ್ಮನಿದ್ದರೆ ಯಾವ ಗಲಾಟೆಯೂ ಇಲ್ಲ.

ಮಾರನೆಯ ಸಂಜೆ ಬೋಗುಣಿ ಬಂದಾಗ, "ಇನ್ನೊಂದು ಹಿಡಿ ಹಾಕು" ಎಂದರು. "ಊತ ಇಳೀತಿಲ್ಲ."

ತಾಯಿ ಹಾಕಿದಳು.

"ಇನ್ನೊಂದು."

ಅದನ್ನೂ ಹಾಕಿದಳು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರೆ. ಆ ಮನೆಯಲ್ಲಿ ಎರಡೂ ಒಂದೇ ಬೋಗುಣಿಯಲ್ಲಿ ಹೋಗಿ ಮಗಳ ಗಿಡಗಳ ಬುಡಕ್ಕೆ ಬೀಳುತ್ತಿದ್ದವು.

ಮೊದಮೊದಲು ಮಗಳಿಗೆ ಹೆಮ್ಮೆಯೇ ಆಯಿತು. ನೀರು ಹಾಕಿ ಮೂರನೆಯ ದಿನಕ್ಕೂ ಎಲೆಯಡಿ ಬೆರಳಿಟ್ಟರೆ ಮಣ್ಣು ತಣ್ಣಗೆ ಒದ್ದೆಯಾಗಿರುತ್ತಿತ್ತು. "ನೋಡಮ್ಮ, ಹೊದಿಕೆ ಹೇಗೆ ಹಿಡ್ಕೊಂಡಿದೆ!" ಎಂದು ತಾಯಿಯ ಕೈ ಹಿಡಿದು ಮಣ್ಣು ಮುಟ್ಟಿಸಿದಳು. ತಾಯಿ ಮುಟ್ಟಿ, ಒಳಗೊಳಗೇ ಹಿಗ್ಗಿದಳು. ತನ್ನ ಪಾಲೂ ಇದೆ ಎಂದು ಹೇಳುವ ಹಾಗಿಲ್ಲ. ಹೇಳದೆ ಇಟ್ಟುಕೊಂಡ ಆ ಸಂತೋಷದಲ್ಲಿ ಅವಳು ಒಂದು ವಾರ ಒಳ್ಳೆಯ ನಿದ್ದೆ ಮಾಡಿದಳು.

ಆಮೇಲೆ ಚೆಂಡುಹೂವಿನ ಎಲೆಗಳ ಅಂಚು ಕಂದಾಗತೊಡಗಿತು. ಬಾಯಾರಿದ ಗಿಡ ಮೊದಲು ಬಾಡಿ ಜೋಲುತ್ತದೆ. ಇದು ಜೋಲುತ್ತಿರಲಿಲ್ಲ, ಅಂಚಿನಿಂದ ಒಳಕ್ಕೆ ಸುಡುತ್ತಿತ್ತು, ಇಸ್ತ್ರಿ ತಾಗಿದ ಬಟ್ಟೆಯ ಹಾಗೆ. ಮಗಳು ಬಿಸಿಲೆಂದುಕೊಂಡಳು. ನೆರಳಿನ ಬೆಡ್‌ಶೀಟನ್ನು ಎರಡು ಪದರ ಮಾಡಿದಳು. ಚೆಂಡುಹೂವು ಹೋಯಿತು. ಇರುವೆಯಿರಬೇಕೆಂದು ಬುಡ ಕೆದಕಿ ನೋಡಿದಳು. ನಿತ್ಯಪುಷ್ಪ ಹೋಯಿತು. ಹೆಸರಲ್ಲಿ ಮಾತ್ರ ನಿತ್ಯ. ನಾಯಿ ಉಚ್ಚೆ ಹೊಯ್ಯುತ್ತಿರಬೇಕೆಂದು ಗೇಟಿನ ಸಂದಿಗೆ ಹಲಗೆ ಅಡ್ಡ ಇಟ್ಟಳು. ದಾಸವಾಳ ಎಲೆಯೆಲ್ಲ ಉದುರಿಸಿ ಕಡ್ಡಿಯಾಗಿ ನಿಂತಿತು. ಅವಳು ತಿನ್ನುವುದನ್ನು ಬಿಟ್ಟಳು, ಕುಡಿಯುವ ನೀರಿನಲ್ಲಿ ಅರ್ಧ ಉಳಿಸಿ ಗಿಡಕ್ಕೆ ಹಾಕಲೇ ಎಂದು ಯೋಚಿಸಿ, ಮೋಸವಾಗುತ್ತದೆಂದು ಹಾಕದೆ ಬಿಟ್ಟಳು. ಅಷ್ಟು ನಿಯತ್ತು ಆ ಮನೆಯಲ್ಲಿ ಅವಳೊಬ್ಬಳಿಗೇ ಇತ್ತು.

ಉಳಿದದ್ದು ದಾಳಿಂಬೆ ಒಂದೇ. ಅದು ದೂರದಲ್ಲಿ, ಕಾಂಪೌಂಡಿನ ಮೂಲೆಯಲ್ಲಿತ್ತು. ತಾಯಿಯ ಸೊಂಟನೋವಿಗೆ ತುಂಬಿದ ಬೋಗುಣಿ ಹೊತ್ತು ಅಲ್ಲಿಯವರೆಗೆ ನಡೆಯಲಾಗುತ್ತಿರಲಿಲ್ಲ. ಹಾಗಾಗಿ ಅದು ಕೆಂಪು ಚಿಗುರು ಬಿಟ್ಟು ಗಟ್ಟಿಯಾಗಿ ನಿಂತಿತ್ತು.

ಆಕಾಶದಲ್ಲಿ ಮೋಡ ಕೂಡತೊಡಗಿದ್ದವು. ಮಧ್ಯಾಹ್ನದ ಹೊತ್ತಿಗೆ ಸೆಕೆ ಉಸಿರುಗಟ್ಟಿಸುತ್ತಿತ್ತು. ಮಗಳು ಅಡುಗೆಮನೆಯಲ್ಲಿ ತಾಯಿಯ ಮಡಿಲಿಗೆ ತಲೆ ಇಟ್ಟು ಅತ್ತಳು.

"ಒಂದೇ ಉಳಿದಿರೋದು ಅಮ್ಮ. ಆ ದಾಳಿಂಬೆ ಒಂದು ನಿಂತುಬಿಟ್ರೆ ಸಾಕು. ಇನ್ನೇನು ಮಳೆ ಬಂದುಬಿಡುತ್ತೆ."

"ನಿಲ್ಲುತ್ತೆ ಪುಟ್ಟಿ" ಎಂದಳು ತಾಯಿ, ಮಗಳ ತಲೆ ಸವರುತ್ತ. "ನಾನಿದೀನಿ."

ಅಂದು ಸಂಜೆ ಸೊಂಟ ಮುರಿದರೂ ಸರಿ ಎಂದು ಇಡೀ ಬೋಗುಣಿಯನ್ನು ಮೂಲೆಯವರೆಗೆ ಹೊತ್ತಳು. ದಾರಿಯಲ್ಲಿ ಮೂರು ಕಡೆ ಇಳಿಸಿ ಉಸಿರು ತೆಗೆದುಕೊಂಡಳು. ಬೇರೆ ಯಾವ ಗಿಡಕ್ಕೂ ಹಂಚಬೇಕಾಗಿರಲಿಲ್ಲ. ಒಂದು ಹನಿ ಉಳಿಸದೆ ದಾಳಿಂಬೆಗೇ ಹಾಕಿದಳು. ಮರುದಿನವೂ ಹಾಕಿದಳು. ಅದರ ಮರುದಿನವೂ. ಯಜಮಾನರು ಕಿಟಕಿಯಿಂದ ಅವಳು ಕುಂಟುತ್ತ ಹೋಗುವುದನ್ನೂ ಕುಂಟುತ್ತ ಬರುವುದನ್ನೂ ನೋಡಿದರು. "ಯಾಕೆ ಏದುಸಿರು ಬಿಡ್ತಿದೀಯ?" ಎಂದು ಕೇಳಿದರು. "ಸೆಕೆ" ಎಂದಳು ಅವಳು. "ಹೌದು, ಸೆಕೆ" ಎಂದರು ಅವರು.

ದಾಳಿಂಬೆಯ ಕೆಂಪು ಚಿಗುರು ಕರಕಲಾದ ಬೆಳಿಗ್ಗೆ ಯಜಮಾನರು ಫೋನ್ ಮಾಡಿದರು. ಮಳೆ ಇನ್ನೂ ಬಿದ್ದಿರಲಿಲ್ಲ. ಆದರೆ ಕಾಯುವುದಕ್ಕೆ ಏನು ಉಳಿದಿತ್ತು?

ಅಳಿಯ ಮಧ್ಯಾಹ್ನವೇ ಬಂದ. ಬಿಳಿ ಶರ್ಟು, ಒಂದು ಸುಕ್ಕಿಲ್ಲ. ಮಾವನಿಗೆ ಕೈಮುಗಿದು, ಪಕ್ಕದ ಪಟ್ಟಿಯ ಒಣಕಡ್ಡಿಗಳನ್ನು ನೋಡಿ, "ಪಾಪ, ಈ ಬಿಸಿಲಿಗೆ ಯಾವ ಗಿಡ ತಾನೇ ನಿಲ್ಲುತ್ತೆ?" ಎಂದ. ಟೀಚರ್ ತನ್ನ ಗೇಟಿನಲ್ಲಿ ನಿಂತಿದ್ದಳು. ಸಾಕ್ಷಿಗೆ ಕರೆದರೆ ಬರುವ ಹೆಂಗಸು, ಅಡ್ಡ ಬರುವವಳಲ್ಲ.

ಮಗಳು ಮೂಲೆಯಲ್ಲಿ ಮಂಡಿಯೂರಿ ಕೂತಿದ್ದಳು. ಒಣಗಿದೆಲೆಯನ್ನೆಲ್ಲ ಕೈಯಿಂದ ಬಾಚಿ ಎಸೆದಳು. ಬುಡದ ಸುತ್ತ ಮಣ್ಣಿನ ಮೇಲೆ ಬಿಳಿಯ ಹೆಪ್ಪು ಕಟ್ಟಿತ್ತು. ಒಂದು ಚೂರು ಉಗುರಿನಿಂದ ಕೆರೆದು ನಾಲಿಗೆಗೆ ಇಟ್ಟಳು. ಆಮೇಲೆ ತಲೆಯೆತ್ತಿ ಹಿಂದಿನ ಬಾಗಿಲ ಕಡೆ ನೋಡಿದಳು. ಬಾಗಿಲ ಪಕ್ಕದಲ್ಲಿ ಅಲ್ಯೂಮಿನಿಯಂ ಬೋಗುಣಿ ಗೋಡೆಗೆ ಒರಗಿತ್ತು. ಅದರ ಅಂಚಿಗೂ ಅದೇ ಬಿಳಿ. ಬೋಗುಣಿಯ ಪಕ್ಕದಲ್ಲಿ ತಾಯಿ, ಕಣ್ಣು ಊದಿಸಿಕೊಂಡು ನಿಂತಿದ್ದಳು.

"ಏನು ಸಿಕ್ತು ಅಲ್ಲಿ?" ಯಜಮಾನರು ಕಿಟಕಿಯಿಂದ ಕೇಳಿದರು.

ಹೇಳಿದ್ದರೆ ಏನಾಗುತ್ತಿತ್ತು? ಪಂಥ ಪಂಥವೇ, ಗಿಡ ಸತ್ತದ್ದು ಸತ್ತದ್ದೇ ಎನ್ನುತ್ತಿದ್ದರು. ತಾಯಿಗೆ ಮಾತ್ರ ತಾನೇ ಗಿಡ ಕೊಂದೆ ಎಂಬ ಅದೊಂದೇ ಮಾತು ಉಳಿದ ಬದುಕೆಲ್ಲ ಉಳಿಯುತ್ತಿತ್ತು. ಮಗಳಿಗೆ ಸಿಟ್ಟು ಬಂದಿತ್ತು. ಆ ಬೋಗುಣಿಯನ್ನು ಎತ್ತಿ ತಾಯಿಯ ತಲೆಗೇ ಅಪ್ಪಳಿಸಬೇಕು ಎನ್ನುವಷ್ಟು ಸಿಟ್ಟು. ಅದನ್ನು ನುಂಗಿಕೊಂಡಳು.

"ಏನಿಲ್ಲ" ಎಂದಳು.

ಗೇಟಿನ ಬಳಿ ತಾಯಿ ಅವಳನ್ನು ತಬ್ಬಿಕೊಂಡಳು. ಗಂಡಸರಿಗೆ ಕೇಳಿಸದ ಹಾಗೆ ಕಿವಿಯಲ್ಲಿ ಹೇಳಿದಳು: "ನಿಮ್ಮಪ್ಪಂಗೆ ಗೊತ್ತಾಗದ ಹಾಗೆ ದಿನಾ ನಾನೂ ನೀರು ಹಾಕಿದೆ ಕಣೇ. ಸೊಂಟ ಬಿದ್ದುಹೋದ್ರೂ ಬಿಡಲಿಲ್ಲ. ಆದ್ರೂ ಉಳೀಲಿಲ್ಲ ನೋಡು."

"ಗೊತ್ತು ಅಮ್ಮ. ನೀನು ಹಾಕಿದ್ದಕ್ಕೇ ಅಷ್ಟು ದಿನ ನಿಂತಿತ್ತು."

ಅಳಿಯ, "ಹೊತ್ತಾಯ್ತು" ಎನ್ನುತ್ತ ಹೆಂಡತಿಯ ತೋಳು ಹಿಡಿದ. ಸರಿಯಾಗಿ ಗಾಯದ ಮೇಲೇ ಹಿಡಿದ. ಅಳತೆ ತಪ್ಪುವವನಲ್ಲ ಎಂದು ಮೊದಲೇ ಹೇಳಿದ್ದೇನೆ.

ಸಂಜೆ ಯಜಮಾನರು ಪ್ಯಾಂಟು ಮಡಿಸಿ ಕೂತರು. ತಾಯಿ ಬೋಗುಣಿ ತಂದಿಟ್ಟು ಡಬ್ಬಿಗೆ ಕೈ ಹಾಕಿದಳು. ಈಗೀಗ ಕೈ ತಾನಾಗಿಯೇ ಮೂರು ಹಿಡಿ ತೆಗೆಯುತ್ತಿತ್ತು.

"ಉಪ್ಪು ಅಷ್ಟೊಂದು ಬೇಡ" ಎಂದರು ಯಜಮಾನರು. "ಒಂದು ಹಿಡಿ ಸಾಕು ಇನ್ನು."

"ಊತ?"

"ಊತ ಹಾಗೇ ಇದೆ. ಇನ್ನು ಯಾಕೆ ದಂಡ?"

ಅವಳ ಕೈ ಡಬ್ಬಿಯೊಳಗೇ ನಿಂತಿತು. ಕಿಟಕಿಯ ಕಡೆ ನೋಡಿದಳು. ಈ ಕುರ್ಚಿಯಲ್ಲಿ ಕೂತರೆ ಏನೇನು ಕಾಣುತ್ತದೆಂದು ಇಷ್ಟು ವರ್ಷ ಅವಳು ನೋಡಿಯೇ ಇರಲಿಲ್ಲ. ಚೆಂಡುಹೂವಿನ ಸಾಲು ಕಂಡಿತು, ದಾಸವಾಳದ ಕಡ್ಡಿ ಕಂಡಿತು, ಮೂಲೆಯ ದಾಳಿಂಬೆಯೂ, ಅದರ ಬುಡದಲ್ಲಿ ಮಗಳು ಬಾಚಿ ಬಿಟ್ಟುಹೋದ ಬಿಳಿ ಮಣ್ಣೂ ಕಂಡವು. ಅವಳು ಬೆರಳನ್ನು ಬಾಯಿಗಿಟ್ಟು ಉಪ್ಪು ನೆಕ್ಕಿದಳು. ಮಗಳು ಮಧ್ಯಾಹ್ನ ನಾಲಿಗೆಗೆ ಇಟ್ಟುಕೊಂಡದ್ದು ಏನೆಂದು ಆಗ ತಿಳಿಯಿತು. ಗೇಟಿನಲ್ಲಿ ಕಿವಿಯ ಹತ್ತಿರ ಹೇಳಿದ ಮಾತೂ ತಿಳಿಯಿತು. ಅಳು ಬರಲಿಲ್ಲ. ಕೊಂದವರಿಗೆ ಅಳುವ ಹಕ್ಕು ಎಲ್ಲಿದೆ ಎಂದು ಅನ್ನಿಸಿತು.

ಮೂರು ಹಿಡಿ ಹಾಕಿದಳು. ಇನ್ನೂ ಎರಡು ಹಾಕಿದಳು.

"ಬೇಡ ಅಂದ್ನಲ್ಲ!"

"ಇರಲಿ ಬಿಡಿ. ನೀರು ಮೂರು ಸಲ ದುಡೀಬೇಕಲ್ಲ" ಎಂದಳು. ಹಿಮ್ಮಡಿಯನ್ನು ಎಂದಿನ ಹಾಗೆಯೇ ಒತ್ತಿದಳು. ನೀರು ಆರಿದ ಮೇಲೆ ಬೋಗುಣಿ ಎತ್ತಿ ಮುಂಬಾಗಿಲಿಂದ ಹೊರಟು, ಮೆಟ್ಟಿಲ ಮೇಲೆ ನಿಂತು ಲಾನಿನ ಮೇಲೆ ಬೀಸಿ ಎರಚಿದಳು. ಯಜಮಾನರು ಒದ್ದೆಕಾಲಿನಲ್ಲಿ ಬಾಗಿಲವರೆಗೆ ಬಂದು ಬೈದರು, ಕೈಯೆತ್ತಿದರು, ಎರಡು ಕೊಟ್ಟರು ಕೂಡ. ಅವಳು ತುಟಿಯಿಂದ ಬಂದ ರಕ್ತ ಒರೆಸಿಕೊಂಡು ಅಡುಗೆಗೆ ಹೋದಳು. ಮಾರನೆಯ ಸಂಜೆ ಮತ್ತೆ ಎರಚಿದಳು. ಬೋಗುಣಿ ಬಚ್ಚಿಟ್ಟರೆ ಬಕೆಟ್ಟಿನಲ್ಲಿ ಎರಚಿದಳು. ನೀರು ನಿಲ್ಲಿಸಿದರೆ ಬರೀ ಉಪ್ಪನ್ನೇ ಎರಚಿದಳು. ವಾಲ್ವಿಗೆ ಬೀಗವಿತ್ತು, ಉಪ್ಪಿನ ಡಬ್ಬಿಗೆ ಇರಲಿಲ್ಲ.

ಲಾನ್ ತೇಪೆ ತೇಪೆಯಾಗಿ ಕಂದಾಯಿತು. ಟೀಚರ್ ಕೇಳಿದಾಗ ಯಜಮಾನರು ನಗುಮುಖ ಮಾಡಿಕೊಂಡು, "ಸತ್ತಿಲ್ಲ ಟೀಚರ್ರೇ, ಮಲಗಿದೆ. ಬೇಸಿಗೇಲಿ ಹುಲ್ಲು ಮಲಗುತ್ತೆ. ಮಳೆ ಬಂದ್ರೆ ಏಳುತ್ತೆ" ಎಂದರು. ಯಾರ ಮಾತೆಂದು ಹೇಳಲಿಲ್ಲ.

ತಾಯಿ ದಿನವೂ ಮಗಳಿಗೆ ಫೋನ್ ಮಾಡುತ್ತಿದ್ದಳು. ಮೊದಲ ದಿನಗಳಲ್ಲಿ ಮಗಳು ಎತ್ತಿ, "ಚೆನ್ನಾಗಿದೀನಿ" ಎಂದು ಇಟ್ಟುಬಿಡುತ್ತಿದ್ದಳು. ಆಮೇಲೆ ಅಳಿಯನೇ ಎತ್ತತೊಡಗಿದ.

"ಮಲಗಿದಾಳೆ ಅತ್ತೆ" ಎನ್ನುತ್ತಿದ್ದ.

ಬೆಳಿಗ್ಗೆ ಮಾಡಿದರೂ ಮಲಗಿದಾಳೆ. ಊಟದ ಹೊತ್ತಿಗೆ ಮಾಡಿದರೂ ಮಲಗಿದಾಳೆ.

ಮಳೆ ಬಂತು. ಒಂದು ದಿನ ಬಂದು, ಮತ್ತೆ ಬಂದು, ಆಮೇಲೆ ಬಿಡದೆ ಹಿಡಿಯಿತು. ಬೀದಿಯಲ್ಲಿ ಬೋಳಾಗಿದ್ದ ಅಂಗಳಗಳೆಲ್ಲ ಒಂದೇ ವಾರದಲ್ಲಿ ಹಸಿರಾದವು. ಕಲ್ಲಿನ ಸಂದಿಯಲ್ಲೂ ಹುಲ್ಲು ಎದ್ದಿತು. ಯಜಮಾನರ ಲಾನಿನ ತೇಪೆಗಳು ಮಾತ್ರ ಕೊಳೆತು ಕಪ್ಪಗೆ ಮಲಗಿದ್ದವು. ತಾಯಿ ಕಿಟಕಿಯಲ್ಲಿ ನಿಂತು ಅದನ್ನೇ ನೋಡುತ್ತ ಫೋನ್ ಕಿವಿಗಿಟ್ಟುಕೊಂಡಿದ್ದಳು.

"ಮಲಗಿದಾಳೆ ಅತ್ತೆ. ಎದ್ದಮೇಲೆ ಹೇಳ್ತೀನಿ."

ಅವಳು ಫೋನ್ ಇಟ್ಟಳು. ಚಪ್ಪಲಿ ಮೆಟ್ಟಿ, ಮೂಲೆಯಲ್ಲಿದ್ದ ಕೊಡೆ ತೆಗೆದುಕೊಂಡು, ಮೆಟ್ಟಿಲಿಳಿದು, ಜೀವನದಲ್ಲಿ ಮೊದಲ ಸಲ ಆ ಲಾನಿನ ನಟ್ಟನಡುವೆ ಕಾಲಿಟ್ಟು ಗೇಟಿನವರೆಗೆ ನಡೆದಳು.

"ಈ ಮಳೇಲಿ ಎಲ್ಲಿಗೆ ಹೊರಟ್ರಿ?" ಎಂದು ಟೀಚರ್ ಕೂಗಿ ಕೇಳಿದಳು.

"ಮಗಳನ್ನ ಎಬ್ಬಿಸ್ಕೊಂಡು ಬರ್ತೀನಿ" ಎಂದಳು ತಾಯಿ.

ಸಂಜೆಯಾಯಿತು. ಯಜಮಾನರು ಬೆತ್ತದ ಕುರ್ಚಿಯಲ್ಲಿ ಕೂತು ಪ್ಯಾಂಟು ಮಡಿಸಿ, ಊದಿದ ಕಾಲನ್ನು ಮುಂದೆ ಚಾಚಿದರು. ಬೀಗದ ಕೀಲಿ ಬೆಲ್ಟಿನಲ್ಲೇ ಇತ್ತು.

"ಎಲ್ಲಿ ಸತ್ತೆ?" ಎಂದು ಒಳಕ್ಕೆ ಕೂಗಿದರು. "ನೀರು ತಾ."